ಮೂರು ಬೊಟ್ಟು ಡಾಂಬರು

ಸತೀಶ್ ಕುಮಾರ್ ಚೌಕಾಸಿ ಮಾಡಲಿಲ್ಲ. ಜಂಪಣ್ಣನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಕೊಳ್ಳುವವನು ಒಂದು ಬೆಲೆ ಹೇಳಬೇಕು, ಮಾರುವವನು ಎದೆ ಎದೆ ಬಡಿದುಕೊಳ್ಳಬೇಕು. ಇಬ್ಬರೂ ಎದ್ದು ಹೋಗಬೇಕು, ನಡುವೆ ಇದ್ದವರು ಕರೆತಂದು ಕೂರಿಸಿ ಟೀ ಕುಡಿಸಬೇಕು. ಕುರಿಯಾಗಲಿ ಮನೆಯಾಗಲಿ, ವ್ಯಾಪಾರ ಅಂದರೆ ಹಾಗೆ. ಜಂಪಣ್ಣ ಹುಟ್ಟಿದ್ದು ಜಗಳೂರು ಕಡೆಯ ಕುರಿ ಸಾಕುವ ಮನೆಯಲ್ಲಿ. ಸಂತೆಯಲ್ಲಿ ಟವೆಲ್ಲಿನ ಮರೆಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ನೋಡಿ ಬೆಳೆದವನು. ಅಂಥವನು ನ್ಯಾಮತಿಯ ಈ ಹಳೇ ಮನೆಗೆ, ಒಂದಿಷ್ಟು ಬೈಗುಳ ತಿನ್ನಲು ತಯಾರಾಗಿಯೇ, ನಾಚಿಕೆ ಬಿಟ್ಟು ಕಡಿಮೆ ಬೆಲೆ ಹೇಳಿದ್ದ. ಸತೀಶ್ ಕುಮಾರ್ "ಆಯ್ತು ಬಿಡ್ರಿ" ಅಂದುಬಿಟ್ಟ. ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಮನುಷ್ಯ ಅವನು. ಗೋಣಿಚೀಲದ ತೂಕಕ್ಕೂ ಜಗಳ ಆಡುವ ಜನರ ನಡುವೆ ದಿನಾ ಕೂರುವವನು ಮೊದಲ ಬೆಲೆಗೇ ತಲೆ ಆಡಿಸಿದ ಅಂದರೆ ಒಳಗೆ ಏನೋ ಇದೆ.

ಅದು ಸಾಲದು ಅಂತ, ನೋಂದಣಿ ಮುಗಿಸಿ ಆಫೀಸಿನ ಮೆಟ್ಟಿಲು ಇಳಿಯುವಾಗ ಅವನು ಜಂಪಣ್ಣನ ತೋಳು ಹಿಡಿದ.

"ಮಾಳಿಗೆ ಇಳಿಸೋವಾಗ ನಂಗೊಂದು ಫೋನ್ ಮಾಡ್ರಿ ಜಂಪಣ್ಣಾರೆ. ಮರ್ತುಬಿಟ್ಟೀರಿ."

"ಯಾಕೆ?"

"ಏನಿಲ್ಲ, ಸುಮ್ನೆ. ಹಳೇ ಮನೆ ಅಲ್ವಾ."

ಸುಮ್ಮನೆ ಯಾರೂ ಫೋನ್ ಮಾಡಿ ಅನ್ನುವುದಿಲ್ಲ. ಜಂಪಣ್ಣ ಹೂಂ ಅಂದ, ಮನಸ್ಸಿನಲ್ಲಿ ಮಾತ್ರ, ನಿನಗೆ ಫೋನ್ ಮಾಡಿದರೆ ನಾನು ನಮ್ಮಪ್ಪನ ಮಗನೇ ಅಲ್ಲ ಅಂದುಕೊಂಡ.

ಅವನಿಗೆ ಮನೆ ಬೇಕಿದ್ದದ್ದು ಮಲಗಲು ಅಲ್ಲ, ಒಲೆ ಹೂಡಲು. ನ್ಯಾಮತಿಯ ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆ ಮಳಿಗೆಯಲ್ಲಿ ಮಂಡಕ್ಕಿ ಮಿರ್ಚಿ ಹೋಟೆಲು ಇಟ್ಟು ಅವನ ಕೂದಲು ನೆರೆತಿತ್ತು. ನ್ಯಾಮತಿ ತಾಲ್ಲೂಕು ಆದದ್ದೇ ಆದದ್ದು, ಆಫೀಸುಗಳು ಬಂದವು, ಅರ್ಜಿ ಹಿಡಿದ ಜನ ಬಂದರು, ಮಿರ್ಚಿಯೂ ಚೆನ್ನಾಗಿ ಓಡಿತು. ಆದರೆ ಮಳಿಗೆಯ ಯಜಮಾನನಿಗೂ ಕಣ್ಣು ತೆರೆಯಿತು. ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಡುತ್ತೇನೆ, ರೋಹಿಣಿ ಮಳೆ ಹಿಡಿಯುವ ಮುಂಚೆ ಖಾಲಿ ಮಾಡಿ ಅಂದ. ಜಂಪಣ್ಣ ಅವನ ಜೊತೆ ಕೂಗಾಡಿದ, ಬಾಣಲೆ ಎತ್ತಿ ನೆಲಕ್ಕೆ ಕುಕ್ಕಿದ. ಏನೂ ಪ್ರಯೋಜನ ಆಗಲಿಲ್ಲ. ಅದೇ ರಸ್ತೆಯ ತುದಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ಈ ಮಣ್ಣಿನ ಮಾಳಿಗೆ ಮನೆ ಬಿಟ್ಟರೆ ಬೇರೆ ಎಲ್ಲಿಗೂ ಅವನ ಗಿರಾಕಿ ನಡೆದು ಬರುವ ಹಾಗಿರಲಿಲ್ಲ. ರೋಹಿಣಿ ಮಳೆಯೊಳಗೆ ಅಲ್ಲಿ ಒಲೆ ಹೊತ್ತದಿದ್ದರೆ ಗಂಡ ಹೆಂಡತಿ ಇಬ್ಬರೂ ಇನ್ನೊಬ್ಬರ ಹೋಟೆಲಿನಲ್ಲಿ ತಟ್ಟೆ ತೊಳೆಯಬೇಕಿತ್ತು.

ಸಾಲ ಕೇಳಲು ಪತ್ತಿನ ಸೊಸೈಟಿಗೆ ಹೋದರೆ, ಅಲ್ಲಿಂದ ಒಬ್ಬ ಸಾಹೇಬ ಬಂದು ಗೋಡೆಗೆ ಪೆನ್ನು ಚುಚ್ಚಿದ. ಪೆನ್ನು ಅರ್ಧ ಒಳಗೆ ಹೋಯಿತು. ಜಾಗಕ್ಕೆ ಸಾಲ ಕೊಡುತ್ತೇವೆ, ಮಣ್ಣಿಗೆ ಕೊಡಲು ನಮ್ಮಲ್ಲಿ ರೂಲು ಇಲ್ಲ ಅಂದು ಪೆನ್ನು ಒರೆಸಿಕೊಂಡು ಹೋದ. ಸೊಸೈಟಿ ಕೊಟ್ಟದ್ದು, ಹೆಂಡತಿ ನಾಗರತ್ನಳ ಸರ ಅಡವಿಟ್ಟದ್ದು, ಅವಳ ಸಂಘದಿಂದ ಎತ್ತಿದ್ದು, ಎಲ್ಲ ಸೇರಿ ಮನೆ ಕೊಳ್ಳುವುದಕ್ಕೆ ಸರಿಹೋಯಿತು. ರಿಪೇರಿಗೆ ಕೈಯಲ್ಲಿ ಉಳಿದದ್ದು ಸೊನ್ನೆ.

ಆದರೆ ತಲೆಯ ಮೇಲೆ ಮರ ಇತ್ತು. ಮಾಳಿಗೆಯ ಮಣ್ಣನ್ನು ಹೊತ್ತ ತೊಲೆಗಳು ಒಬ್ಬ ಆಳು ತಬ್ಬುವಷ್ಟು ದಪ್ಪ, ಒಳ್ಳೇ ಹೊನ್ನೆ ಮರ. ಈಗ ಅಂಥ ಮರ ಹುಡುಕಿದರೂ ಸಿಗುವುದಿಲ್ಲ. ಮಣ್ಣು ಇಳಿಸುವುದು, ತೊಲೆ ಮಾರುವುದು, ಆ ದುಡ್ಡಿನಲ್ಲಿ ಕಬ್ಬಿಣದ ಪೈಪು ಕೂರಿಸಿ ತಗಡು ಹೊದಿಸುವುದು, ಮುಂದಿನ ಗೋಡೆ ಒಡೆದು ಷಟರ್ ಇಡುವುದು. ಇದು ಜಂಪಣ್ಣನ ಲೆಕ್ಕ. ಈ ಲೆಕ್ಕ ನಂಬಿಯೇ ನಾಗರತ್ನ ಸರ ಬಿಚ್ಚಿಕೊಟ್ಟಿದ್ದಳು.

ಕೀಲಿ ಕೈಗೆ ಬಂದ ದಿನವೇ ಅವನು ಒಳಗೆ ಹೋಗಿ ತಲೆ ಎತ್ತಿ ನೋಡಿದ. ಪ್ರತಿ ತೊಲೆಯ ತುದಿಯಲ್ಲೂ, ಗೋಡೆಗೆ ಕೂರುವ ಜಾಗದ ಹತ್ತಿರ, ಮೂರು ಕರೀ ಬೊಟ್ಟು. ಸುಣ್ಣ ಹೊಡೆದಾಗ ಮುಚ್ಚಿಹೋಗಿ ಮತ್ತೆ ಎದ್ದುಬಂದಂತೆ ಇದ್ದವು. ಏಣಿ ಹಾಕಿ ಉಗುರಿನಿಂದ ಕೆರೆದ. ಡಾಂಬರು. ಬೆರಳಲ್ಲಿ ಅದ್ದಿ ಒತ್ತಿದ್ದು. ಬೆರಳು ಸಣ್ಣವು, ಹೆಂಗಸಿನವು.

ಒಂದೋ ಯಾರೋ ಮಾಟ ಮಾಡಿಸಿದ್ದಾರೆ, ಇಲ್ಲವೋ ಮೇಲಿನ ಮಣ್ಣಿನಲ್ಲಿ ಏನೋ ಹೂತಿಟ್ಟು ಗುರುತು ಮಾಡಿದ್ದಾರೆ. ಮಾಟವಾಗಿದ್ದರೆ ಸತೀಶ್ ಕುಮಾರ್ ಫೋನ್ ಮಾಡಿ ಅನ್ನುತ್ತಿರಲಿಲ್ಲ, ತಪ್ಪಿಸಿಕೊಂಡು ಓಡಾಡುತ್ತಿದ್ದ. ಆದ್ದರಿಂದ ಇದು ಎರಡನೆಯದೇ. ಚೌಕಾಸಿ ಮಾಡದೆ ಮಾರಿದ್ದು ಯಾಕೆ ಅಂತ ಈಗ ಗೊತ್ತಾಯಿತು. ತಾನು ಅಗೆದರೆ ಊರಿಗೆ ಗೊತ್ತಾಗುತ್ತದೆ, ಕೊಂಡವನ ಕೈಯಲ್ಲಿ ಅಗೆಸಿ, ಆ ಹೊತ್ತಿಗೆ ಬಂದು ನಿಂತು, ನಮ್ಮ ಅಜ್ಜನದು ಅಂತ ಎತ್ತಿಕೊಂಡು ಹೋಗುವ ಹುನ್ನಾರ.

ಮಿರ್ಚಿ ವ್ಯಾಪಾರ ಶುರುವಾಗುವುದು ಸಂಜೆಗೆ. ಬೆಳಗ್ಗೆ ಹೊತ್ತು ಅವನು ಮನೆಯ ಬಾಗಿಲಿಗೆ ಒಳಗಿಂದ ಚಿಲಕ ಹಾಕಿಕೊಂಡು ಹಿಂದಿನ ಕೋಣೆಯ ಮಾಳಿಗೆ ಹತ್ತತೊಡಗಿದ. ಕೂಲಿಯವರನ್ನು ಕರೆಯಲಿಲ್ಲ, ಅವರಿಗೂ ಕಣ್ಣಿರುತ್ತವೆ. ತಾನೇ ಮಣ್ಣು ಕಡಿದು, ಬುಟ್ಟಿಗೆ ತುಂಬಿ, ಹಿತ್ತಲಿಗೆ ಇಳಿಸಿ, ಜರಡಿ ಹಿಡಿದ. ಅದು ಹೋಟೆಲಿನಲ್ಲಿ ಕಡಲೆಹಿಟ್ಟು ಜಾಲಿಸುವ ಜರಡಿ. ಮಣ್ಣಿನಲ್ಲಿ ಸಿಕ್ಕಿದ್ದು ಒಂದು ತುಕ್ಕು ಹಿಡಿದ ಲಾಳ, ಗುಬ್ಬಿ ಗೂಡಿನ ಹುಲ್ಲು, ಬಳೆ ಚೂರು. ಬಳೆ ಚೂರನ್ನು ಜೇಬಿಗೆ ಹಾಕಿಕೊಂಡ. ಹೆಂಗಸಿನ ಬೆರಳು, ಹೆಂಗಸಿನ ಬಳೆ. ಎಲ್ಲಾ ಕೂಡಿಬರುತ್ತಿದೆ ಅನ್ನಿಸಿತು.

ಜರಡಿ ಹುಡುಕಿಕೊಂಡು ಬಂದ ನಾಗರತ್ನ ಹಿತ್ತಲಿನ ಬೇಲಿ ದಾಟಿ ಒಳಗೆ ಬಂದಳು. ಗಂಡ ತಲೆಯಿಂದ ಕಾಲಿನವರೆಗೆ ಕೆಂಪು ಮಣ್ಣಾಗಿ, ತನ್ನ ಜರಡಿ ಅಲ್ಲಾಡಿಸುತ್ತ ನಿಂತಿದ್ದ.

"ಮಿರ್ಚಿಗೆ ಕಡಲೆಹಿಟ್ಟು ಬಿಟ್ಟು ಇದನ್ನೇ ಹಾಕಾಕೆ ಶುರು ಮಾಡಿದ್ರಾ?"

ಅವನು ಡಾಂಬರಿನ ಕಥೆ ಪಿಸುಮಾತಿನಲ್ಲಿ ಹೇಳಿದ. ಅವಳು ನಗಲಿಲ್ಲ, ಅದೇ ಅವನಿಗೆ ಇನ್ನೂ ಕೋಪ ತಂದಿತು. ಮೋಡ ನೋಡಿ, ಆಗಲೇ ಕೃತ್ತಿಕೆ ಮಳೆ ನಡೆದಿದೆ, ಹಿಂದಿನ ಕೋಣೆಗೆ ಈಗ ಮಾಳಿಗೆ ಇಲ್ಲ, ತಗಡೂ ಇಲ್ಲ, ನಿಧಿ ಹುಡುಕುತ್ತಾ ಕೂತರೆ ಗೋಡೆ ಕರಗಿ ಹಳ್ಳ ಸೇರುತ್ತದೆ, ಮೊದಲು ಮರದವನನ್ನು ಕರೆಸಿ ಅಂದಳು. ಜರಡಿ ಕಿತ್ತುಕೊಂಡು ಹೋದಳು.

ಮರದವನು ಹೊನ್ನಾಳಿಯ ರಸೂಲ್. ಹಳೇ ಬಾಗಿಲು, ಕಂಬ, ತೊಲೆ ಕೊಂಡು ಮಾರುವ ವ್ಯಾಪಾರಿ. ಬಂದವನು ಹಿಂದಿನ ಕೋಣೆಯ ಬಯಲಿನಲ್ಲಿ ನಿಂತು ತೊಲೆಗಳನ್ನು ತಟ್ಟಿ ನೋಡಿದ, ಮುಖ ಅರಳಿತು, ಜಂಪಣ್ಣ ಅಂದುಕೊಂಡದ್ದಕ್ಕಿಂತ ಒಳ್ಳೇ ಬೆಲೆ ಹೇಳಿದ. ಆಮೇಲೆ ತುದಿಗೆ ಬಂದು ಬೊಟ್ಟು ಕಂಡ. ಮುಂದಿನ ಕೋಣೆಗೂ ಹೋಗಿ ನೋಡಿ ಬಂದು ಅಳತೆ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

"ಇದು ಆಗಲ್ಲ ಜಂಪಣ್ಣಾರೆ. ಗುರ್ತು ಇರೋ ಮರ ನಾನು ಗಾಡಿಗೆ ಏರಿಸಲ್ಲ. ಮನೆ ಕೊಟ್ಟೋರನ್ನ ಕೇಳಿಕೊಂಡು ಬರ್ರಿ."

"ಏನ್ ಗುರ್ತು ಅದು? ನಿಮಗೆ ಗೊತ್ತಾ?"

"ಯಾರದು ಅಂತ ನಂಗೇನ್ ಗೊತ್ತು. ನಾಳೆ ಗುರ್ತಿನೋರು ನನ್ನ ಅಂಗಡಿ ಮುಂದೆ ಬಂದು ನಿಂತು ಶಾಪ ಹಾಕಿ ಮಣ್ಣು ತೂರಿದ್ರೆ ನಾನು ಅನುಭವಿಸಬೇಕು."

ಅಷ್ಟೇ ಹೇಳಿ ಬೈಕು ಹತ್ತಿದ. ಇವನಿಗೂ ನಿಧಿಯ ವಾಸನೆ ಬಡಿದಿದೆ, ಸತೀಶ್ ಕುಮಾರ್ ಇವನಿಗೂ ಹೇಳಿಕೊಟ್ಟಿದ್ದಾನೆ, ಇಬ್ಬರೂ ಸೇರಿ ನನ್ನನ್ನು ಸುತ್ತಿಸುತ್ತಿದ್ದಾರೆ ಎಂದು ಜಂಪಣ್ಣ ಲೆಕ್ಕ ಹಾಕಿದ. ಮರುದಿನ ಬೆಳಗ್ಗೆ ಕ್ರಯಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಚನ್ನಗಿರಿ ಬಸ್ಸು ಹತ್ತಿದ.

ಮಂಡಿಯಲ್ಲಿ ಅಡಿಕೆ ಚೀಲಗಳ ನಡುವೆ ಅವನನ್ನು ಕಂಡದ್ದೇ ಸತೀಶ್ ಕುಮಾರನ ಮುಖ ಬಿಳುಚಿತು. ಕೂಗಾಟ ಸಾಹುಕಾರನ ಕಿವಿಗೆ ಬೀಳಬಾರದು ಅಂತ ಕೈಹಿಡಿದು ಹೊರಗೆ ಎಳೆದುಕೊಂಡು ಬಂದ. ಜಂಪಣ್ಣ ಜೇಬಿನಿಂದ ಬಳೆ ಚೂರು ತೆಗೆದು ಅವನ ಮೂಗಿನ ಮುಂದೆ ಹಿಡಿದ. ಸತೀಶನಿಗೆ ಬಳೆ ಅರ್ಥ ಆಗಲಿಲ್ಲ. ಡಾಂಬರು ಅಂದಕೂಡಲೇ ಅರ್ಥ ಆಯಿತು.

ಬಾಯಿ ಬಿಡಿಸುವುದಕ್ಕೆ ಹೊತ್ತು ಹಿಡಿಯಿತು. ಕೊನೆಗೆ ಬಂದದ್ದು ಇಷ್ಟು. ಅವನಿಗೆ ಚೌಡಕ್ಕ ಅಂತ ಒಬ್ಬ ಸೋದರತ್ತೆ. ಗಂಡ ಸತ್ತ ಮೇಲೆ ತವರಿಗೆ ಬಂದು ಅದೇ ಮನೆಯಲ್ಲಿ ಇದ್ದವಳು. ಅಣ್ಣ ತಮ್ಮಂದಿರು ಪಾಲಾದಾಗ ಹೊಲ ಒಬ್ಬರಿಗೆ, ಮನೆಯ ಜಾಗ ಸತೀಶನ ಅಪ್ಪನಿಗೆ. ತಂಗಿಗೆ ಏನು ಅಂತ ಪಂಚರು ಕೇಳಿದಾಗ, ಮಾಳಿಗೆಯ ಮರ ಅವಳಿಗೆ ಅಂದರು. ಮನೆ ನಿಂತಿರುವವರೆಗೂ ಮರ ಯಾರೂ ಇಳಿಸುವ ಹಾಗಿಲ್ಲ, ಮಾತಿಗೂ ಆಯಿತು, ಕೊಟ್ಟಂತೆಯೂ ಆಗಲಿಲ್ಲ, ಎಲ್ಲರಿಗೂ ಸಮಾಧಾನ. ಚೌಡಕ್ಕ ಮಾತ್ರ ಆ ದಿನ ರಸ್ತೆ ಕೆಲಸದವರ ಹತ್ತಿರ ಡಬ್ಬಿಯಲ್ಲಿ ಡಾಂಬರು ತಂದು, ಏಣಿ ಹತ್ತಿ, ತೊಲೆ ತೊಲೆಗೂ ಬೆರಳು ಒತ್ತಿ ಇಳಿದಿದ್ದಳು.

ಈ ವಿಷಯ ಮೊದಲೇ ಹೇಳಿದ್ದರೆ ಗಿರಾಕಿ ಓಡಿಹೋಗುತ್ತಿದ್ದ. ಮಾಳಿಗೆ ಇಳಿಸುವ ದಿನ ಹೇಗೋ ಅತ್ತೆಯನ್ನು ಸಮಾಧಾನ ಮಾಡಿದರಾಯಿತು ಅಂತ ಸತೀಶ ಫೋನ್ ಮಾಡಲು ಹೇಳಿದ್ದ. ಈಗ ಅವನು ಇನ್ನೊಂದು ದಾರಿ ತೋರಿಸಿದ. ಕ್ರಯಪತ್ರದಲ್ಲಿ ಮನೆ, ಮರಮುಟ್ಟು ಸಮೇತ ಅಂತ ಬರೆದಿದೆ, ಅತ್ತೆಯ ಹೆಸರು ಎಲ್ಲೂ ಇಲ್ಲ, ಕೋರ್ಟಿಗೆ ಹೋದರೂ ನೀವೇ ಗೆಲ್ಲುತ್ತೀರಿ, ಮುದುಕಿಗೆ ಯಾಕೆ ಹೆದರುತ್ತೀರಿ ಅಂದ.

ತನ್ನ ಅನುಮಾನ ನಿಜವಾಯಿತಲ್ಲ ಎಂದು ಜಂಪಣ್ಣನಿಗೆ ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಲೆಕ್ಕ ಹಾಕಿದ. ನಿಧಿ ಹೋಯಿತು, ಅದು ಹೋಗಲಿ. ಮರವೇ ಹೋದರೆ ತಗಡಿಲ್ಲ. ತಗಡಿಲ್ಲದಿದ್ದರೆ ಹೋಟೆಲಿಲ್ಲ.

ಅವನು ಅಲ್ಲಿಂದಲೇ, ಚೌಡಕ್ಕ ಈಗ ಇರುವ ಹೊನ್ನಾಳಿಗೆ ಹೋದ. ಮುದುಕಿಯ ಬಾಯಿ ಕಾಗದದಿಂದ ಮುಚ್ಚಿಸಿಬಿಡೋಣ ಅಂತಲೇ ಹೋದದ್ದು.

ಚೌಡಕ್ಕ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದುಕೊಡುತ್ತಿದ್ದಳು. ಹೊಗೆ ತುಂಬಿದ ಒಂದು ಕೋಣೆ, ಗೋಡೆಗೆ ಒರಗಿಸಿಟ್ಟ ರೊಟ್ಟಿಯ ಸಾಲು, ಅದರ ನಡುವೆ ಅವಳು. ತೆಳ್ಳಗೆ, ನೆಟ್ಟಗೆ, ಮೊಣಕೈವರೆಗೂ ಜೋಳದ ಹಿಟ್ಟು. ಅವನು ಹೇಳಿದ್ದನ್ನೆಲ್ಲ ಕೇಳುತ್ತಲೇ ರೊಟ್ಟಿ ಬಡಿದಳು. ಅವನು ಕವರಿನಿಂದ ಕ್ರಯಪತ್ರ ತೆಗೆದಾಗ ಕೈ ನಿಲ್ಲಿಸಿದಳು.

"ಅದರಾಗೆ ನನ್ನ ಹೆಸರು ಐತಾ?"

"ಇಲ್ಲ."

"ಹಂಗಾರೆ ನಂಗ್ಯಾಕೆ ತೋರಿಸ್ತೀಯ. ತೊಲೆ ಮೇಲೆ ನಿನ್ನ ಹೆಸರು ಐತಾ?"

ಜಂಪಣ್ಣನಿಗೆ ಸಿಟ್ಟು ನೆತ್ತಿಗೇರಿತು. ಸರ್ಕಾರದ ಸೀಲು ಬಿದ್ದ ಕಾಗದಕ್ಕಿಂತ ನಿನ್ನ ಡಾಂಬರು ದೊಡ್ಡದಾ, ನಾಳೆ ಬೆಳಗ್ಗೆ ಗಾಡಿ ತಂದು ಮರ ಹೊರಿಸುತ್ತೇನೆ, ಅದೇನು ಮಾಡ್ತೀಯೋ ನೋಡ್ತೀನಿ ಅಂತ ಬೀದಿಗೆ ಕೇಳುವ ಹಾಗೆ ಮಾತಾಡಿದ. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ಯಾವ ಊರಪ್ಪ ನಿಂದು, ಮಾತು ಈ ಕಡೆಯದಲ್ಲ ಅಂದಳು. ಜಗಳೂರು ಕಡೆ ಅಂದ. ಏನು ಮಾಡ್ತಿದ್ರು ನಿಮ್ಮೋರು ಅಂದಳು. ಕುರಿ ಅಂದ.

"ಕೆರೆ ಹತ್ರ ಎರಡು ಹಿಂಡು ಕೂಡಿಬಿಟ್ರೆ ಹೆಂಗೆ ಬಿಡಿಸ್ತೀರಪ್ಪ?"

"ಗುರ್ತು ನೋಡಿ ಬಿಡಿಸ್ತೀವಿ."

"ಏನ್ ಗುರ್ತು?"

ಜಂಪಣ್ಣ ಬೆರಳಿನಿಂದ ತನ್ನ ತೊಡೆಯ ಮೇಲೆ ಗೆರೆ ಎಳೆದ.

ಕುರಿಯ ಬಲ ತೊಡೆಯ ಮೇಲೆ ಒಂದು ಗೆರೆ ಡಾಂಬರು. ಅದು ಅವನ ಅಪ್ಪನ ಗುರುತು. ಡಾಂಬರಿನ ಡಬ್ಬಿ ಹಿಡಿದು ಕುರಿಯ ಹಿಂದೆ ಓಡಾಡಿದ್ದು ಇವನೇ. ಆ ವಾಸನೆ ವಾರಗಟ್ಟಲೆ ಕೈಯಿಂದ ಹೋಗುತ್ತಿರಲಿಲ್ಲ. ಕುರಿಯ ಮೇಲೆ ಇದ್ದಿದ್ದರೆ ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದ. ಮರದ ಮೇಲೆ ಕಂಡು ನಿಧಿ ಅಂದುಕೊಂಡು ಜರಡಿ ಹಿಡಿದಿದ್ದ. ಅವನ ಕಡೆಯವರಲ್ಲಿ, ಇನ್ನೊಬ್ಬರ ಗುರುತಿರುವ ಕುರಿ ಮಾರಿದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಅವನ ಜೊತೆ ಹಟ್ಟಿ ಹಾಕುವುದಿಲ್ಲ. ಆ ಕುರಿಯ ಬಗ್ಗೆ ಕೈಯಲ್ಲಿ ಎಂಥ ಕಾಗದ ಇದ್ದರೂ ಅಷ್ಟೇ.

ಅವನು ಕ್ರಯಪತ್ರ ಮಡಚಿ ಕವರಿಗೆ ಹಾಕಿ, ಕವರನ್ನು ಕುಂಡಿಯ ಕೆಳಗೆ ಇಟ್ಟುಕೊಂಡು ನೆಲಕ್ಕೆ ಕೂತ. ಮರ ನಿಂದೇ, ತಗೊಂಡು ಹೋಗು ಅಂದ. ಹಾಗನ್ನುವಾಗಲೂ ಧ್ವನಿ ಜಗಳದ ಧ್ವನಿಯೇ.

ಚೌಡಕ್ಕ ಅವನ ಮುಂದೆ ರೊಟ್ಟಿ ಇಟ್ಟಳು. ಎಲ್ಲಿಗೆ ತಗೊಂಡು ಹೋಗಲಿ, ಈ ಕೋಣೆಯಲ್ಲಿ ನನ್ನ ಕಾಲು ಚಾಚಲೇ ಜಾಗ ಇಲ್ಲ ಅಂದಳು. ಆಮೇಲೆ, ರಸೂಲ್ ಏನು ಬೆಲೆ ಹೇಳಿದ, ತಗಡಿಗೆ ಎಷ್ಟು ಬೇಕು, ಮಿರ್ಚಿ ದಿನಕ್ಕೆ ಎಷ್ಟು ಓಡುತ್ತದೆ, ಎಣ್ಣೆ ಎಲ್ಲಿಂದ ತರುತ್ತೀಯ ಅಂತ ಒಂದೊಂದಾಗಿ ಕೇಳಿದಳು. ಸೊಸೈಟಿಯ ಸಾಹೇಬ ಗೋಡೆಗೆ ಪೆನ್ನು ಚುಚ್ಚಿದ್ದ, ಇವಳು ಅದಕ್ಕಿಂತ ಆಳಕ್ಕೆ ಚುಚ್ಚಿದಳು. ಎಲ್ಲ ಕೇಳಿ ತನ್ನ ಮಾತು ಇಟ್ಟಳು. ಹಿಂದಿನ ಕೋಣೆಯ ತೊಲೆ ರಸೂಲನಿಗೆ ಕೊಟ್ಟು ಆ ದುಡ್ಡಿನಲ್ಲಿ ತಗಡು, ಷಟರ್ ಮಾಡಿಕೋ. ಮುಂದಿನ ಕೋಣೆಯ ತೊಲೆ ಇಳಿಸಬೇಡ, ಅದರ ಮೇಲೆಯೇ ತಗಡು ಹೊದಿಸು, ಪೈಪಿನ ಖರ್ಚು ಉಳಿಯುತ್ತದೆ. ಎರಡೂ ಕೋಣೆಯ ಮರದ ಬೆಲೆ ಮಿರ್ಚಿಯ ಗಲ್ಲಾದಿಂದ ದಿನಾ ಇಷ್ಟಿಷ್ಟು ತೀರಿಸು. ಬಡ್ಡಿ ಬೇಡ.

ಬಡ್ಡಿ ಬೇಡ ಅಂದದ್ದೇ ಜಂಪಣ್ಣನ ಅನುಮಾನ ಮತ್ತೆ ಹೆಡೆ ಎತ್ತಿತು.

"ಬಡ್ಡಿ ಯಾಕೆ ಬೇಡ?"

"ಬಡ್ಡಿ ಬದಲು ನಾನೇ ಬಂದು ಗಲ್ಲಾ ಹತ್ರ ಕೂರ್ತೀನಿ. ನಮ್ಮಣ್ಣನ್ನೇ ನಂಬ್ಲಿಲ್ಲ ನಾನು, ನಿನ್ನ ನಂಬ್ತೀನಾ. ಬಸ್ಸು ಹೆಂಗಸ್ರಿಗೆ ಪುಕ್ಕಟೆ. ದಿನಾ ಬರ್ತೀನಿ."

ರಸೂಲ್ ಈ ಸಲ ಚೌಡಕ್ಕನ ಬಾಯಿಂದಲೇ ಒಪ್ಪಿಗೆ ಕೇಳಿಕೊಂಡು ಹಿಂದಿನ ಕೋಣೆಯ ಮರ ಗಾಡಿಗೆ ಏರಿಸಿದ. ತಗಡು ಬಂತು, ಷಟರ್ ಬಂತು. ರೋಹಿಣಿ ಮಳೆಯ ಮೊದಲ ಹನಿ ತಗಡಿನ ಮೇಲೆ ಬಿದ್ದಾಗ ಒಳಗೆ ಬಾಣಲೆಯಲ್ಲಿ ಎಣ್ಣೆ ಕಾದಿತ್ತು. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಚೌಡಕ್ಕ ಕಾಲು ಮಡಚಿ ಕೂತಿದ್ದಳು.

ಆಮೇಲಿನ ದಿನಗಳನ್ನು ನಾಗರತ್ನ ಮರೆಯುವ ಹಾಗಿಲ್ಲ. ಚೌಡಕ್ಕ ಜಂಪಣ್ಣನ ಕೈ ನೋಡುತ್ತಿದ್ದಳು, ಜಂಪಣ್ಣ ಚೌಡಕ್ಕನ ಸೊಂಟದ ಚೀಲ ನೋಡುತ್ತಿದ್ದ. ಯಾರೋ ದುಡ್ಡು ಕೊಡದೆ ಎದ್ದು ಹೋದರೆ ಅವನಿಗಿಂತ ಮುಂಚೆ ಅವಳೇ ರಸ್ತೆಗೆ ಇಳಿದು ಅಂಗಿ ಹಿಡಿಯುತ್ತಿದ್ದಳು. ಅವನು ಗಿರಾಕಿಯೊಬ್ಬನಿಗೆ ಸ್ನೇಹಕ್ಕೆ ಅಂತ ಇನ್ನೊಂದು ಮಿರ್ಚಿ ಹಾಕಿದರೆ, ಅದು ಯಾರ ಮಿರ್ಚಿ ಅಂತ ಕೇಳುತ್ತಿದ್ದಳು. ಫೋನಿನಲ್ಲಿ ದುಡ್ಡು ಹಾಕುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಡಬ್ಬಿ ಮಾತಾಡಿ ದುಡ್ಡು ಬಂತು ಅಂದರೂ, ಎಲ್ಲಿ ಬಂತು ತೋರಿಸು ಅನ್ನುತ್ತಿದ್ದಳು. ಒಂದು ಸಂಜೆ ಇಬ್ಬರೂ ಒಂದೇ ಹತ್ತರ ನೋಟಿಗೆ ಜಗಳ ಆಡಿ ನಾಗರತ್ನಳ ಕಡೆ ತಿರುಗಿದಾಗ ಅವಳು ಈರುಳ್ಳಿ ಹೆಚ್ಚುವುದು ಬಿಟ್ಟು ತಲೆ ಎತ್ತಲಿಲ್ಲ. ಇಬ್ಬರು ಪೊಲೀಸರು ಇರೋ ಹೋಟೆಲಿಗೆ ಕಳ್ಳ ಬೇರೆ ಬೇಕಲ್ಲ, ಅದನ್ನೂ ನೀವೇ ಮಾಡ್ಕೊಳ್ರಿ ಅಂದಳು.

ಮುಂದಿನ ಕೋಣೆಯ ಒಂದೊಂದು ತೊಲೆಯ ಬೆಲೆ ಮುಟ್ಟಿದಾಗಲೂ ಚೌಡಕ್ಕ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಜಂಪಣ್ಣನ ಕೈಗೆ ಕೊಡುತ್ತಿದ್ದಳು. ಹಿಂದಿನ ಕೋಣೆಯ ಮರದ ಬಾಕಿ ಮೊದಲು ತೀರಿತು, ಆಮೇಲೆ ಮುಂದಿನವು ಒಂದೊಂದಾಗಿ. ಅವನು ಏಣಿ ಹತ್ತಿ ಡಾಂಬರು ಉಜ್ಜುತ್ತಿದ್ದ, ಅವಳು ಕೆಳಗೆ ಏಣಿ ಹಿಡಿದು ಮೇಲೆ ನೋಡುತ್ತಿದ್ದಳು, ತೀರದ ತೊಲೆಗೂ ಬಟ್ಟೆ ತಗುಲಿಸಿಬಿಟ್ಟಾನು ಅಂತ. ಇಳಿದ ಮೇಲೆ ಒಂದು ಪ್ಲೇಟು ಮಿರ್ಚಿ ತಿನ್ನುತ್ತಿದ್ದಳು. ಅದರ ದುಡ್ಡು ಗಲ್ಲಾಕ್ಕೆ ಹಾಕುತ್ತಿದ್ದಳು, ಹಾಕಿದ್ದನ್ನು ಅವನು ನೋಡಿದನೋ ಇಲ್ಲವೋ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಕೊನೆಗೆ ಉಳಿದದ್ದು ಒಲೆಯ ಮೇಲಿನ ತೊಲೆ. ಹೊಗೆಗೆ ಅದು ಆಗಲೇ ಕಪ್ಪಾಗಿತ್ತು, ಬೊಟ್ಟು ಕಾಣಬೇಕಾದರೆ ಬ್ಯಾಟರಿ ಹಾಕಬೇಕಿತ್ತು. ಅದರ ಬೆಲೆ ತೀರುವ ದಿನ ಬಂತು. ಜಂಪಣ್ಣ ಅಂಗಿ ತೋಳು ಮಡಚಿ, ಏಣಿ ತಂದು ನಿಲ್ಲಿಸಿ, ಹತ್ತಿ ನಿಂತು ಬಟ್ಟೆಗೆ ಕೈ ಚಾಚಿದ. ಚೌಡಕ್ಕ ಕೊಡಲಿಲ್ಲ. ಅವನು ಎಣಿಸಿ ಇಟ್ಟ ದುಡ್ಡನ್ನೂ ಮುಟ್ಟಲಿಲ್ಲ.

"ಅದೊಂದು ಇರ್ಲಿ. ಅದು ನಾನು ಮಾರಲ್ಲ."

ಅವನ ಕಿವಿ ಕೆಂಪಾಯಿತು. ಗೊತ್ತಿತ್ತು ನನಗೆ, ಇಷ್ಟು ದಿನ ಇದಕ್ಕೇ ಕಾಯ್ತಿದ್ದೆ, ಕೊನೆಗೆ ಒಂದು ತಕರಾರು ಇಟ್ಟೇ ಇಡ್ತೀಯ ಅಂತ, ಏನು ನಿನ್ನ ಮನಸ್ಸಿನಲ್ಲಿ ಇರೋದು ಹೇಳು ಅಂತ ಏಣಿಯ ಮೇಲಿಂದಲೇ ಕೇಳಿದ. ಗಿರಾಕಿಗಳು ಮಂಡಕ್ಕಿ ತಿನ್ನುವುದು ನಿಲ್ಲಿಸಿದರು.

ಚೌಡಕ್ಕ ಬಟ್ಟೆ ಮಡಚಿದಳು. "ಎಲ್ಲಾ ಅಳಿಸಿಬಿಟ್ರೆ ನಾಳೆಯಿಂದ ನಾನು ಇಲ್ಲಿ ಮಿರ್ಚಿ ತಿನ್ನಾಕೆ ಬಂದ ಗಿರಾಕಿ. ಅದೊಂದು ಇದ್ರೆ, ನಮ್ಮಪ್ಪನ ಮನೇಗೆ ಬರಾಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ."

ಜಂಪಣ್ಣ ಏಣಿಯ ಮೇಲೆಯೇ ನಿಂತ. ಬ್ಯಾಟರಿ ಹಾಕಿ ಆ ಮೂರು ಬೊಟ್ಟು ನೋಡಿದ. ಮಸಿ ಹಿಡಿದು ಅಂಚು ಕಾಣದಂತಾಗಿದ್ದವು. ಹೆಗಲ ಮೇಲಿನ ಟವೆಲ್ಲಿನಿಂದ ಮಸಿಯನ್ನಷ್ಟೇ ಒರೆಸಿದ, ಬೊಟ್ಟು ಬಿಟ್ಟ.

ಕೆಳಗಿಳಿದು ಎಣಿಸಿಟ್ಟ ದುಡ್ಡನ್ನು ತೆಗೆದು ಗಲ್ಲಾಕ್ಕೆ ಹಾಕಿದ. ಹಾಕುವಾಗ ಚೌಡಕ್ಕ ನೋಡುತ್ತಿದ್ದಾಳೋ ಇಲ್ಲವೋ ಅಂತ ತಿರುಗಿ ನೋಡಿದ. ನೋಡುತ್ತಿದ್ದಳು.